ಬಿಳಿ ಟ್ಯೂಲಿಪ್‌ಗಳ ವಿಚಾರಣೆ

ಮಾರ್ಚ್ 2

ಅಕ್ಕಾ,

ಪರದೆ ಏಳುವ ಮೂರನೇ ಗಂಟೆ ಬಾರಿಸಿಯಾಯಿತು, ಹಿಂದಿನ ಸಾಲಿನವರಿಗೂ ಕೇಳುವಂತೆ ಹೇಳುತ್ತೇನೆ, ಕೇಳು! ನಲವತ್ತು ವರ್ಷ ನಾಟಕದ ಪರದೆಗಳ ಮೇಲೆ ಅರಮನೆ, ಕಾಡು, ಸೆರೆಮನೆ ಬರೆದು ಬರೆದು ಸೊಂಟ ಬಗ್ಗಿಸಿಕೊಂಡ ನಿನ್ನ ತಮ್ಮನನ್ನು ಈ ಊರಿನ ಗ್ರಂಥಾಲಯದವರು ಹುಡುಕಿಕೊಂಡು ಬಂದಿದ್ದಾರೆ. ಹೊಸ ವಾಚನಾಲಯದ ಬಾಗಿಲಿಗೆ ನೇರ ಎದುರಿನ ಗೋಡೆಗೆ ಒಂದು ಚಿತ್ರ ಬೇಕಂತೆ. ವಸಂತದ ಹೂಗಳು. ಎಣ್ಣೆಬಣ್ಣದಲ್ಲಿ. ಗ್ರಂಥಪಾಲಕಿ ಖುದ್ದಾಗಿ ನನ್ನ ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತಾ, "ಒಳಗೆ ಬಂದೋರು ಮೊದಲು ಅದನ್ನೇ ನೋಡ್ಬೇಕು ಸಾರ್. ಮೇ ಹತ್ತಕ್ಕೆ ಬಾಗಿಲು ತೆಗೀತೀವಿ" ಎಂದರು. ನಾನು "ಆಗಲಿ" ಎಂದೆ. ನನ್ನ ಆ ಒಂದು "ಆಗಲಿ"ಗೆ ಕೆಳಗಿನ ಮನೆಯ ನಾಯಿ ಬೊಗಳಿತು.

ಹೂವಿನಂಗಡಿಯಿಂದ ಬಿಳಿ ಟ್ಯೂಲಿಪ್ ತಂದು ನಿಲ್ಲಿಸಿದ್ದೇನೆ. ಇಂಥ ಶಿಸ್ತಿಲ್ಲದ ನಟರನ್ನು ನಾನು ಜನ್ಮದಲ್ಲಿ ಕಂಡಿಲ್ಲ. ಬೆಳಗ್ಗೆ ನಿಲ್ಲಿಸಿದ ಜಾಗದಲ್ಲಿ ಮಧ್ಯಾಹ್ನ ಇರುವುದಿಲ್ಲ. ಕೊಯ್ದು ನೀರಿಗೆ ಹಾಕಿದ ಮೇಲೂ ಬೆಳೆಯುತ್ತವೆ, ಕಿಟಕಿಯ ಕಡೆಗೆ ಕತ್ತು ತಿರುಗಿಸುತ್ತವೆ, ಸಂಜೆ ಹೊತ್ತಿಗೆ ನನಗೇ ಬೆನ್ನು ಹಾಕಿ ನಿಂತಿರುತ್ತವೆ! ಜೊತೆಗಿಟ್ಟ ಕೆಂಪು ಗಸಗಸೆ ಹೂವೋ, ಒಂದೇ ದೃಶ್ಯಕ್ಕೆ ಬಂದು ಎದೆ ಬಡಿದುಕೊಂಡು ಬಿದ್ದುಬಿಡುವ ಪಾತ್ರ. ಅದನ್ನು ಮೊದಲ ದಿನವೇ ಬರೆದು ಮುಗಿಸಬೇಕು.

ಈಗ ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಜನವರಿಯಲ್ಲಿ ನಿನಗೆ ಕಳಿಸಿದ ಚಿತ್ರದಲ್ಲೂ ಇವೇ ಹೂಗಳಿವೆ. ಆ ಬಿಳಿ ನನಗೆ ಮತ್ತೆ ಅಷ್ಟು ಚೆನ್ನಾಗಿ ಬಂದಿಲ್ಲ. ನೀನು ಅದನ್ನು ಊಟದ ಮೇಜಿನ ಎದುರೇ ಹಾಕಿದ್ದೀಯಲ್ಲ, ಸ್ವಲ್ಪ ಹತ್ತಿರ ಹೋಗಿ ನೋಡಿ ಹೇಳು: ಎಸಳಿನ ನೆರಳಿಗೆ ನಾನು ನೀಲಿ ಬೆರೆಸಿದ್ದೆನೋ, ಹಸಿರೋ?

ನಿನ್ನ ತಮ್ಮ,
ನೀನೇ ಹೆಸರಿಟ್ಟ ಗುಡುಗಪ್ಪ


ಮಾರ್ಚ್ 9

ಗುಡುಗಪ್ಪಾ,

ನಿನ್ನ ಕಾಗದವನ್ನು ಕಿವಿ ಮುಚ್ಚಿಕೊಂಡು ಓದಿದೆ. ಗ್ರಂಥಾಲಯದ ಸಂಗತಿ ಸಂತೋಷ. ಅಲ್ಲಿ ಮಾತಾಡಬಾರದು ಎಂಬ ಬೋರ್ಡು ಇರುತ್ತದೆ, ನೆನಪಿರಲಿ.

ಇಲ್ಲಿ ಶಾಲೆಯವರ ಸಮವಸ್ತ್ರದ ಕೆಲಸ ಬಂದಿದೆ. ನೂರಿಪ್ಪತ್ತು ಕಾಲರು. ಕತ್ತು ಎತ್ತಲು ಪುರಸೊತ್ತಿಲ್ಲ. ಆದರೂ ಚಿತ್ರ ನೋಡಿದೆ. ನೆರಳು ನೀಲಿಯೂ ಅಲ್ಲ, ಹಸಿರೂ ಅಲ್ಲ. ಅದಿರಲಿ, ಆ ಹೂಗಳು ಬಿಳಿಯವೇ? ನನಗೆ ಹಳದಿ ಕಾಣುತ್ತವೆ. ನಿಂಬೆಹಣ್ಣಿನಂಥ ಹಳದಿಯಲ್ಲ, ಒಣಹುಲ್ಲಿನದು. ಹಳೇ ದಿಂಬಿನ ಒಳಚೀಲ ತೆಗೆದು ನೋಡಿದರೆ ಇರುತ್ತದಲ್ಲ, ಆ ಬಣ್ಣ.

ಸೊಂಟಕ್ಕೆ ಬಿಸಿನೀರಿನ ಶಾಖ ಕೊಡು.

ಅಕ್ಕ


ಮಾರ್ಚ್ 13

ಅಕ್ಕಾ,

ಹ ಹ! ದಿಂಬಿನ ಚೀಲವಂತೆ! ಹೊಲಿಗೆಯವಳಿಗೆ ಜಗತ್ತೆಲ್ಲ ಬಟ್ಟೆಯೇ.

ತಮಾಷೆ ಸಾಕು, ಇಷ್ಟಕ್ಕೆ ಉತ್ತರ ಬರೆ. ಎಲ್ಲ ಹೂಗಳೂ ಹಾಗೇ ಕಾಣುತ್ತವೋ, ಒಂದೆರಡೋ? ಹೂಗಳಿಟ್ಟಿರುವ ಹೂಜಿ ನೀಲಿಯಾಗಿ ಕಾಣುತ್ತದೋ? ಗೋಡೆಯ ಮೇಲೆ ಹಗಲು ಬೆಳಕು ಬೀಳುತ್ತದೆ ತಾನೆ? ಒಲೆಯ ಹೊಗೆ ಅತ್ತ ಹೋಗುವುದಿಲ್ಲ ತಾನೆ?

ಸುಮ್ಮನೆ ಕೇಳಿದೆ. ಗಾಬರಿ ಏನೂ ಇಲ್ಲ.

ತಮ್ಮ


ಮಾರ್ಚ್ 18

ಗುಡುಗಪ್ಪಾ,

ಪೊಲೀಸರ ಹಾಗೆ ಪ್ರಶ್ನೆ ಕೇಳುತ್ತೀಯಲ್ಲ. ಎಲ್ಲ ಹೂಗಳೂ ಹಾಗೇ ಕಾಣುತ್ತವೆ. ಹೊಗೆ ಇಲ್ಲ. ಬೆಳಕಿಗೇನು, ನನ್ನ ಮನೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಸೂಜಿಗೆ ದಾರ ಪೋಣಿಸುವಷ್ಟು ಬೆಳಕಿದೆ. ಗೋಡೆಗೂ ಅಷ್ಟೇ ಬೀಳುತ್ತದೆ. ಅಷ್ಟು ಅನುಮಾನವಿದ್ದರೆ ಬಂದು ನೋಡು.

ಹೂಜಿ ನೀಲಿಯಲ್ಲ, ಹಸಿರಿಗೆ ತಿರುಗಿದೆ. ಅಂತೂ ಹೂಜಿಯ ಮಾತು ನಿನ್ನ ಬಾಯಿಂದಲೇ ಬಂತು. ಒಳ್ಳೆಯದು.

ಅಕ್ಕ


ಮಾರ್ಚ್ 23

ಅಕ್ಕಾ,

ಈ ಕಾಗದ ಮೆಲ್ಲಗೆ ಓದು. ನಾನೂ ಮೆಲ್ಲಗೇ ಬರೆಯುತ್ತಿದ್ದೇನೆ.

ಬಣ್ಣದ ಅಂಗಡಿಯ ಯಜಮಾನರನ್ನು ಕೇಳಿದೆ. "ಹಗಲು ಬೆಳಕಲ್ಲಿ ನೇತಾಕಿರೋ ಚಿತ್ರ ವರ್ಷದಲ್ಲಿ ಅಷ್ಟು ಹಳದಿ ಆಗಲ್ಲ ಸ್ವಾಮಿ. ಬರೆಯೋವಾಗಲೇ ಏನೋ ಹೆಚ್ಚುಕಮ್ಮಿ ಆಗಿರ್ಬೇಕು" ಎಂದರು. ಬರೆದವನು ನಾನು. ಬರೆದಾಗ ನನ್ನ ಕಣ್ಣಿಗೆ ಅದು ಹಾಲಿನ ಹಾಗೆ ಬಿಳಿ ಕಂಡಿತ್ತು. ಎದುರಿದ್ದ ಹೂವಿಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ ಎಂದು ಕೋಣೆಯಲ್ಲಿ ಒಬ್ಬನೇ ಚಪ್ಪಾಳೆ ಹೊಡೆದುಕೊಂಡಿದ್ದೆ.

ಅಪ್ಪನ ಕೊನೆಯ ಪರದೆಯ ಕಥೆ ನಿನಗೆ ಯಾರೂ ಹೇಳಿಲ್ಲ. ನೀನಾಗ ಮದುವೆಯಾಗಿ ಹೋಗಿದ್ದೆ. ಹಿಮದ ಬೆಟ್ಟದ ದೃಶ್ಯ. ನಾಯಕಿ ಸಾಯುವ ಹೊತ್ತು. ಅಪ್ಪ ಹತ್ತು ದಿನ ಕೂತು ಬರೆದ ಪರದೆ ಇಳಿಯಿತು, ಬೆಟ್ಟ ಪೂರ್ತಿ ಕೆನೆಬಣ್ಣ! ಯಾರೋ "ಬೆಣ್ಣೆ ಬೆಟ್ಟ!" ಎಂದು ಕೂಗಿದರು. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಸಾಯುತ್ತಿದ್ದ ನಾಯಕಿಯೂ ನಕ್ಕಳು. ಪಕ್ಕದಲ್ಲಿ ಮರೆಗೆ ನಿಂತಿದ್ದ ಅಪ್ಪ ನನ್ನ ತೋಳು ಹಿಡಿದು, "ಯಾಕೋ ನಗ್ತಿದಾರೆ?" ಎಂದರು. "ಹಾಸ್ಯಗಾರ ಜಾರಿ ಬಿದ್ದ, ಅಪ್ಪಾ" ಎಂದೆ. ಅವರಿಗೆ ಬಿಳಿ ಡಬ್ಬಿ ಯಾವುದು, ಕೆನೆಬಣ್ಣದ ಡಬ್ಬಿ ಯಾವುದು ಎಂದು ತಿಂಗಳುಗಳಿಂದ ಗೊತ್ತಾಗುತ್ತಿರಲಿಲ್ಲ. ಮುಂದೆ ಕಣ್ಣಿನ ಪೊರೆಯ ಆಪರೇಷನ್ ಆಯಿತು, ಕಣ್ಣು ಸರಿಹೋಯಿತು. ಆದರೆ ಆ ನಗು ಕಿವಿಯಿಂದ ಹೋಗಲಿಲ್ಲ. ಮತ್ತೆ ಕುಂಚ ಮುಟ್ಟಲಿಲ್ಲ.

ನಿನ್ನೆ ಬಣ್ಣದ ಟ್ಯೂಬುಗಳ ಚೀಟಿ ಕಿತ್ತು, ಅದಲುಬದಲು ಮಾಡಿಟ್ಟು, ಬಿಳಿ ಯಾವುದೆಂದು ನನ್ನನ್ನೇ ಪರೀಕ್ಷೆ ಮಾಡಿಕೊಂಡೆ. ಸರಿಯಾಗಿ ಹೇಳಿದೆ. ಆದರೆ ಬಿಳಿ ಟ್ಯೂಬಿನ ಬಾಲ ತಿರುಚಿಕೊಂಡಿರುವುದು ನನಗೆ ಮೊದಲೇ ಗೊತ್ತು. ಕಳ್ಳನೇ ನ್ಯಾಯಾಧೀಶನಾದರೆ ಅದೆಂಥ ವಿಚಾರಣೆ!

ಚಿತ್ರಕ್ಕೆ ಬಟ್ಟೆ ಮುಚ್ಚಿದ್ದೇನೆ. ಬಾಗಿಲು ತೆಗೆದವರಿಗೆಲ್ಲ ಮೊದಲು ಕಾಣುವ ಗೋಡೆಯಲ್ಲಿ ಬೆಣ್ಣೆ ಹೂವು ನೇತುಹಾಕಿ ನಗೆಪಾಟಲಾಗುವ ಧೈರ್ಯ ನನಗಿಲ್ಲ. ಸೋಮವಾರ ಗ್ರಂಥಾಲಯಕ್ಕೆ ಹೋಗಿ ಆಗುವುದಿಲ್ಲವೆಂದು ಹೇಳಿಬರುತ್ತೇನೆ. ಯಾರಿಗೂ ಹೇಳಬೇಡ.

ತಮ್ಮ


ಮಾರ್ಚ್ 26, ತುರ್ತು ಅಂಚೆ

ಲೋ ತಮ್ಮಾ,

ಸೋಮವಾರ ಎಲ್ಲಿಗೂ ಹೋಗಬೇಡ. ಈ ಕಾಗದ ಅಷ್ಟರೊಳಗೆ ಸಿಗಲಿ ಎಂದು ಅಂಗಡಿ ಮುಚ್ಚಿ ಅಂಚೆ ಕಚೇರಿಗೆ ಹೋಗುತ್ತಿದ್ದೇನೆ.

ನಿನ್ನ ಚಿತ್ರ ನನ್ನ ಗೋಡೆಯ ಮೇಲೆ ಇಲ್ಲ. ಒಂದು ದಿನವೂ ಇರಲಿಲ್ಲ. ಬಂದ ದಿನ ಬಿಚ್ಚಿ ನೋಡಿ, ಹಳೇ ಬೆಡ್‌ಶೀಟಿನಲ್ಲಿ ಸುತ್ತಿ, ಕಂಬಳಿಗಳ ಟ್ರಂಕಿನಲ್ಲಿ ಹಾಕಿ ಬೀಗ ಜಡಿದೆ. ಹದಿನಾಲ್ಕು ತಿಂಗಳು ಅಲ್ಲೇ ಇತ್ತು. ನೆರಳಿನ ಬಣ್ಣ ಯಾವುದೆಂದು ನೀನು ಕೇಳಿದೆಯಲ್ಲ, ಆಗ ತೆಗೆದೆ. ನೋಡಿ ಮತ್ತೆ ಒಳಗಿಟ್ಟೆ. ಬೆಳಕು ಬೀಳುತ್ತದೆ, ಊಟದ ಕೋಣೆಯಲ್ಲಿದೆ ಎಂದೆಲ್ಲ ಬರೆದದ್ದು ಸುಳ್ಳು. ಬಿಳಿ ಹಳದಿಯಾದದ್ದು ಟ್ರಂಕಿನಿಂದಲೋ ಏನೋ ನನಗೆ ಗೊತ್ತಿಲ್ಲ. ಆದರೆ ಅಂಗಡಿಯವರು ನಿನಗೆ ಹೇಳಿದ್ದು ನನ್ನ ಸುಳ್ಳಿನ ಮೇಲೆ ಕೊಟ್ಟ ತೀರ್ಪು. ಹೋಗಿ ಮತ್ತೆ ಕೇಳು.

ಯಾಕೆ ಟ್ರಂಕಿಗೆ ಹಾಕಿದೆ? ನಿನಗೆ ಗೊತ್ತು. ಆ ಹೂಗಳು ನಿಂತಿರುವುದು ಅಮ್ಮನ ನೀಲಿ ಹೂಜಿಯಲ್ಲಿ. ಹಿಡಿಯ ಕೆಳಗೆ ಹೆಬ್ಬೆರಳಿನ ಹಳ್ಳವನ್ನೂ ಬಿಡದೆ ಬರೆದಿದ್ದೀಯ. ಅಮ್ಮ ಹೋದ ಮೇಲೆ ಮನೆ ಖಾಲಿ ಮಾಡಿದಾಗ "ಗಾಡಿಯಿಂದ ಬಿದ್ದು ಒಡೆದುಹೋಯ್ತು ಅಕ್ಕಾ" ಎಂದು ನನ್ನ ಮುಂದೆ ಕಣ್ಣೀರು ಹಾಕಿದೆಯಲ್ಲ! ಅಮ್ಮ ನನಗೆಂದು ಹೇಳಿಟ್ಟಿದ್ದ ಹೂಜಿ. ಒಡೆದದ್ದಕ್ಕೆ ಬೇಸರಪಡಬೇಡವೋ ಎಂದು ನಾನೇ ನಿನಗೆ ಸಮಾಧಾನ ಹೇಳಿದ್ದೆ. ಹನ್ನೊಂದು ವರ್ಷ. ಚಿತ್ರ ಬಿಚ್ಚಿದಾಗ ನನ್ನ ತಲೆ ಕೆಟ್ಟುಹೋಯಿತು. ಇದೇನು, ಅಣಕಿಸಿ ಕಳಿಸಿದ್ದಾನೋ ಎನಿಸಿತು. ಕೇಳಿಬಿಟ್ಟರೆ ಜಗಳವಾಗಿ ಕಾಗದವೂ ನಿಂತುಹೋದೀತು ಎಂದು ಬಾಯಿಮುಚ್ಚಿಕೊಂಡು "ಗೋಡೆಗೆ ಹಾಕಿದ್ದೇನೆ" ಎಂದು ಬರೆದೆ.

ಬೈಯುವುದು ಬೇಕಾದಷ್ಟಿದೆ. ಆಮೇಲೆ ಬೈಯುತ್ತೇನೆ. ಮೊದಲು ಕಣ್ಣಿನ ಡಾಕ್ಟರ ಹತ್ತಿರ ಹೋಗು.

ಅಕ್ಕ


ಮಾರ್ಚ್ 30

ಅಕ್ಕಾ!

ಟ್ರಂಕು! ಟ್ರಂಕಿನಲ್ಲಿ! ಕಂಬಳಿಗಳ ನಡುವೆ!

ನಿನ್ನ ಕಾಗದ ಸೋಮವಾರ ಬೆಳಗ್ಗೆ ನಾನು ಚಪ್ಪಲಿ ಹಾಕಿಕೊಳ್ಳುವಾಗ ಬಂತು. ಗ್ರಂಥಾಲಯಕ್ಕೆ ಹೊರಟವನು ಬಣ್ಣದ ಅಂಗಡಿಗೆ ನುಗ್ಗಿದೆ. "ಟ್ರಂಕಿನಲ್ಲಿತ್ತಂತೆ!" ಎಂದು ನಾನು ಕೂಗಿದ ಕೂಗಿಗೆ ಏಣಿಯ ಮೇಲಿದ್ದ ಯಜಮಾನರು ಒಂದು ಕಟ್ಟು ಕುಂಚ ಕೆಡವಿದರು. ಇಳಿದು ಬಂದು ಹೇಳಿದರು, "ಮೊದಲೇ ಹೇಳೋದಲ್ವಾ ಮಾರಾಯ್ರೇ! ಎಣ್ಣೆಬಣ್ಣದಲ್ಲಿರೋ ಅಗಸೆ ಎಣ್ಣೆ ಕತ್ತಲಲ್ಲಿಟ್ರೆ ಹಳದಿ ತಿರುಗುತ್ತೆ. ಒಣಗಿದ ಮೇಲೂ ತಿರುಗುತ್ತೆ. ತಂದು ಬೆಳಕಿಗಿಟ್ರೆ ಮೆಲ್ಲಗೆ ವಾಪಸ್ ಬರುತ್ತೆ. ಕಿಟಕಿ ಹತ್ರ ಇಡೋಕೆ ಹೇಳಿ." ನಲವತ್ತು ವರ್ಷ ಅಂಟಿನಲ್ಲಿ ಕಲಸಿದ ಪುಡಿಬಣ್ಣದಲ್ಲೇ ಬದುಕಿದವನು ನಾನು. ಎಣ್ಣೆಗೆ ಇಂಥ ಬುದ್ಧಿ ಇದೆಯೆಂದು ನನಗೆ ಹೇಗೆ ಗೊತ್ತಾಗಬೇಕು?

ಇಡು ಅಕ್ಕಾ, ಇವತ್ತೇ ಕಿಟಕಿಗೆ ಇಡು. ಬಿಳಿ ವಾಪಸ್ ಬಂದರೆ ತಪ್ಪು ಟ್ರಂಕಿನದು. ಬಾರದಿದ್ದರೆ ನನ್ನ ಕಣ್ಣಿನದು. ಡಾಕ್ಟರ ಹತ್ತಿರ ಈಗಲೇ ಹೋಗೆನ್ನಬೇಡ. ಅವರ ಮುಂದೆ ಕೂತು ತೀರ್ಪು ಕೇಳುವ ಎದೆ ನನಗೆ ಇವತ್ತಿಲ್ಲ. ಮೊದಲು ನಿನ್ನ ಕಿಟಕಿ.

ಹೂಜಿ. ಹೌದು, ಕದ್ದೆ. ನೀನು ಅಮ್ಮನ ಹೊಲಿಗೆ ಯಂತ್ರ ತೆಗೆದುಕೊಂಡೆ, ಕತ್ತರಿ ತೆಗೆದುಕೊಂಡೆ, ಅವಳ ಮೂಗು, ಅವಳ ಬೈಗುಳ ಎಲ್ಲ ನಿನಗೇ ಬಂತು. ನನಗೆಂದು ಏನಿತ್ತು? ಹಳೇ ಪತ್ರಿಕೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಆಮೇಲೆ ಹೇಗೆ ಹೇಳುವುದು? ಬಾಯಿಂದ ಬರಲಿಲ್ಲ, ಅದಕ್ಕೇ ಚಿತ್ರದಲ್ಲಿ ಬರೆದು ಕಳಿಸಿದೆ. ಅಣಕಿಸಲು ಅಲ್ಲ, ನೀನೇ ಹಿಡಿದು ಬೈಯಲಿ ಎಂದು. ನೀನು "ಚಿತ್ರ ಚೆನ್ನಾಗಿದೆ, ಗೋಡೆಗೆ ಹಾಕಿದ್ದೇನೆ" ಎಂದಷ್ಟೇ ಬರೆದೆ. ಅಕ್ಕ ಗುರುತಿಸಿಯೂ ಕ್ಷಮಿಸಿದಳು, ಎಂಥ ದೊಡ್ಡ ಮನಸ್ಸು ಎಂದು ಕರವಸ್ತ್ರ ಒದ್ದೆ ಮಾಡಿಕೊಂಡಿದ್ದೆ. ದೊಡ್ಡ ಮನಸ್ಸಲ್ಲ, ದೊಡ್ಡ ಟ್ರಂಕು!

ಕಾಯುತ್ತಿರುವ,
ಕಳ್ಳ ತಮ್ಮ


ಏಪ್ರಿಲ್ 4

ಕಳ್ಳಾ,

ಇಟ್ಟಿದ್ದೇನೆ. ಹೊಲಿಗೆ ಯಂತ್ರದ ಪಕ್ಕದ ಕಿಟಕಿಗೆ, ಮಧ್ಯಾಹ್ನದವರೆಗೆ ಬೆಳಕು ನೇರವಾಗಿ ಬೀಳುವ ಜಾಗ. ಮೂರು ದಿನವಾಯಿತು. ಏನೂ ವ್ಯತ್ಯಾಸ ಕಾಣುತ್ತಿಲ್ಲ. ಸುಳ್ಳು ಹೇಳಿ ಒಮ್ಮೆ ಸಾಕಾಗಿದೆ, ಇದ್ದದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

ಒಂದು ಉಪಾಯ ಮಾಡಿದ್ದೇನೆ. ದಿನಾ ನೋಡುತ್ತಿದ್ದರೆ ಬದಲಾವಣೆ ಕಣ್ಣಿಗೆ ಹತ್ತುವುದಿಲ್ಲ. ಅಂಗಡಿಯ ಗಾಜಿನ ಹಿಂದೆ ನೇತುಹಾಕಿದ ಕೋಟಿನ ಬಣ್ಣ ಎಷ್ಟು ಹೋಗಿದೆ ಎನ್ನುವುದು ಕಾಲರು ಎತ್ತಿ ನೋಡಿದಾಗಲೇ ಗೊತ್ತಾಗುವುದು. ಅದಕ್ಕೇ ಕೋಟಿನ ಒಳಪದರದ ಕಪ್ಪು ಬಟ್ಟೆಯಿಂದ ನಾಲ್ಕು ಬೆರಳಗಲದ ಪಟ್ಟಿ ಕತ್ತರಿಸಿ, ದೊಡ್ಡ ಹೂವಿನ ಅರ್ಧ ಮುಚ್ಚುವ ಹಾಗೆ ಚೌಕಟ್ಟಿಗೆ ಪಿನ್ನು ಮಾಡಿದ್ದೇನೆ. ಏಪ್ರಿಲ್ ಹದಿನೈದರವರೆಗೆ ಎತ್ತುವುದಿಲ್ಲ. ಎತ್ತಿದಾಗ ಪಟ್ಟಿಯ ಒಳಗೂ ಹೊರಗೂ ಒಂದೇ ಬಣ್ಣವಿದ್ದರೆ, ಇದ್ದದ್ದನ್ನೇ ಬರೆಯುತ್ತೇನೆ.

ಕರವಸ್ತ್ರದ ಕಥೆ ಓದಿ ನಗು ಬಂತು. ಬೈಗುಳ ಅರ್ಧ ಮರೆತೆ.

ಅಕ್ಕ


ಏಪ್ರಿಲ್ 9

ಅಕ್ಕಾ,

ಹದಿನೈದು! ನೀನು ಗಲ್ಲಿಗೇರಿಸುವವರಿಗಿಂತ ನಿಧಾನ.

ಗ್ರಂಥಪಾಲಕಿ ನಿನ್ನೆ ಮತ್ತೆ ಮಹಡಿ ಹತ್ತಿದರು. ಬಟ್ಟೆ ಮುಚ್ಚಿದ ಚಿತ್ರ ನೋಡಿ, "ಓಹೋ, ಗುಟ್ಟಾಗಿ ಇಟ್ಟಿದೀರಾ" ಎಂದು ನಕ್ಕರು. ನಾನೂ ನಕ್ಕೆ. ಆ ಬಟ್ಟೆಯ ಹಿಂದೆ ಒಂದು ಹೂಜಿ, ಉದುರಿಹೋದ ಗಸಗಸೆ ಹೂ, ಬಿಳಿ ಇರಬೇಕಾದ ಕಡೆಯೆಲ್ಲ ಬರೀ ಕ್ಯಾನ್ವಾಸು ಎಂದು ಹೇಳಲಿಲ್ಲ.

ಹೂವಿನಂಗಡಿಯಾಕೆ ಇನ್ನೊಂದು ಹೇಳಿದಳು. "ಟ್ಯೂಲಿಪ್ ಈ ತಿಂಗಳು ಇಪ್ಪತ್ತರ ಮೇಲೆ ಬರಲ್ಲ ನೋಡಿ ಅಜ್ಜಾರೇ. ಬೇಕಾದ್ರೆ ಪ್ಲಾಸ್ಟಿಕ್‌ದು ಕೊಡ್ಲಾ?" ಪ್ಲಾಸ್ಟಿಕ್! ಹೇಳಿದ ಜಾಗದಲ್ಲಿ ನಿಲ್ಲುತ್ತದೆ, ಕತ್ತು ತಿರುಗಿಸುವುದಿಲ್ಲ, ಎಲ್ಲ ಗುಣವೂ ಇದೆ, ಜೀವವೊಂದಿಲ್ಲ. ಬೇಡವೆಂದೆ. ಹದಿನೈದಕ್ಕೆ ನೀನು ಬರೆದು, ಅದು ನನ್ನನ್ನು ತಲುಪುವ ಹೊತ್ತಿಗೆ ವಸಂತವೇ ಮುಗಿದಿರುತ್ತದೆ.

ಅಕ್ಕಾ, ದಿನಕ್ಕೆ ಹತ್ತು ಸಲ ತಟ್ಟೆ ನೋಡುತ್ತೇನೆ, ಸುಣ್ಣದ ಗೋಡೆ ನೋಡುತ್ತೇನೆ, ನನ್ನ ಅಂಗಿಯ ತೋಳು ನೋಡುತ್ತೇನೆ. ಯಾವುದು ಬಿಳಿ ಎಂದು ಯಾರನ್ನು ಕೇಳಲಿ? ಅಪ್ಪ ಈ ದಿನಗಳನ್ನೆಲ್ಲ ಒಬ್ಬರೇ ಕಳೆದರಲ್ಲ ಎಂದು ಈಗ ಗೊತ್ತಾಗುತ್ತಿದೆ. ಅವತ್ತು ನಾನು "ಹಾಸ್ಯಗಾರ ಬಿದ್ದ" ಎನ್ನಬಾರದಿತ್ತು.

ತಮ್ಮ


ಏಪ್ರಿಲ್ 12, ತುರ್ತು ಅಂಚೆ

ತಮ್ಮಾ,

ಗೆರೆ ಬಿದ್ದಿದೆ.

ಹದಿನೈದರವರೆಗೆ ತಡೆಯಲಾಗಲಿಲ್ಲ. ನಿನ್ನ ಕಾಗದ ಓದಿ ಮಡಿಚಿಟ್ಟು ನೇರ ಹೋಗಿ ಪಿನ್ನು ಕಿತ್ತೆ. ಹೂವಿನ ನಡುವೆ ಅಳತೆಪಟ್ಟಿ ಇಟ್ಟು ಎಳೆದಂತೆ ಗೆರೆ. ಪಟ್ಟಿಯ ಒಳಗೆ ಒಣಹುಲ್ಲು, ಹೊರಗೆ ಬಿಳಿ. ನಾನು ಇಪ್ಪತ್ತು ಬಗೆಯ ಬಿಳಿ ಬಟ್ಟೆ ನೋಡಿದವಳು, ನನಗೆ ಮೋಸವಾಗುವುದಿಲ್ಲ. ಇನ್ನೂ ಪೂರ್ತಿ ಹಾಲುಬಿಳಿಯಲ್ಲ, ಆದರೆ ಬಿಳಿ. ನೆರಳಿಗೆ ನೀಲಿ ಹಾಕಿದ್ದೀಯ, ಚೂರೇ ಚೂರು. ಈಗ ಕಾಣುತ್ತದೆ. ಹೂಜಿಯೂ ನೀಲಿಗೆ ತಿರುಗಿದೆ.

ನನ್ನ ಮಾತು ನನಗೇ ನಂಬಿಕೆಯಾಗದೆ, ಎದುರು ಮನೆಯ ದಾದಿ ಲಂಗದ ಅಂಚು ಬಿಡಿಸಲು ಬಂದಾಗ ಏನೂ ಹೇಳದೆ ಚಿತ್ರದ ಎದುರು ಕೂರಿಸಿದೆ. ಆಸ್ಪತ್ರೆಯಲ್ಲಿ ದಿನವಿಡೀ ಬಿಳಿ ಹಾಸಿಗೆ ನೋಡುವವಳು. ಕೂತು ಒಂದು ನಿಮಿಷವಾಗಿಲ್ಲ, "ಇದೇನಕ್ಕಾ, ಹೂವಿಗೆ ಅರ್ಧ ಸ್ನಾನ ಮಾಡ್ಸಿ ಬಿಟ್ಬಿಟ್ಟಿದೀರಾ?" ಎಂದಳು. ನಾನು ನಕ್ಕೆ. ನಗುತ್ತಾ ನಗುತ್ತಾ ಅಳು ಬಂತು. ಅವಳು ಗಾಬರಿಯಾಗಿ ನನ್ನ ನಾಡಿ ಹಿಡಿದು ನೋಡಿದಳು!

ಕಣ್ಣು ನಿನ್ನದು ಸರಿಯಿದೆ ಕಣೋ. ಬರೆದಾಗ ಸರಿಯಿತ್ತು, ಅಷ್ಟಂತೂ ಆಣೆ ಮಾಡಿ ಹೇಳುತ್ತೇನೆ. ಈಗ ಹೇಗಿದೆ ಎಂದು ಡಾಕ್ಟರು ಹೇಳಲಿ. ಕುಂಟುನೆಪ ಹೇಳದೆ ನಾಳೆಯೇ ಹೋಗು. ಹಾಗೇ ಬರುವಾಗ ಹೂ ತೆಗೆದುಕೊಂಡು ಬಾ.

ಹೂಜಿ ನಿನ್ನ ಹತ್ತಿರವೇ ಇರಲಿ. ಚಿತ್ರ ನನ್ನ ಹತ್ತಿರ ಇರುತ್ತದೆ. ನಿಜವಾಗಲೂ ಗೋಡೆಗೆ ಮೊಳೆ ಹೊಡೆದಿದ್ದೇನೆ, ಹೆಬ್ಬೆರಳಿಗೂ ಒಂದು ಏಟು ಬಿದ್ದಿದೆ.

ಅಕ್ಕ


ಏಪ್ರಿಲ್ 19

ಅಕ್ಕಾ, ಅಕ್ಕಾ, ಅಕ್ಕಾ!

ನಿಂತೇ ಬರೆಯುತ್ತಿದ್ದೇನೆ, ಕುರ್ಚಿಯ ಮೇಲೆ ಟ್ಯೂಲಿಪ್ ಕೂತಿವೆ. ಕಾಗದದ ಮೇಲಿನ ಕಲೆಗಳನ್ನು ಉಜ್ಜಬೇಡ, ಎಣ್ಣೆಬಣ್ಣ, ಹೋಗುವುದಿಲ್ಲ.

ನಿನ್ನ "ಗೆರೆ ಬಿದ್ದಿದೆ" ಓದಿ ನಾನು ಹೊರಡಿಸಿದ ಧ್ವನಿಗೆ ಕೆಳಗಿನ ಮನೆಯವರು ಓಡಿ ಬಂದರು, "ಏನಾಯ್ತು ಸಾರ್, ಯಾರಾದ್ರೂ ಹೋಗ್ಬಿಟ್ರಾ?" ಎಂದು. "ಇಲ್ಲ ಕಣ್ರೀ, ವಾಪಸ್ ಬಂದ್ರು!" ಎಂದು ಅವರನ್ನು ತಬ್ಬಿಕೊಂಡೆ. ಅವರ ಅಂಗಿಯ ಮೇಲೀಗ ನನ್ನ ಹಸ್ತದ ಗುರುತಿದೆ, ನೀಲಿಯಲ್ಲಿ.

ಡಾಕ್ಟರ ಹತ್ತಿರ ಹೋದೆ. ಕತ್ತಲ ಕೋಣೆಯಲ್ಲಿ ಕೂರಿಸಿ, ಕಣ್ಣೊಳಗೆ ದೀಪ ಬಿಟ್ಟು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ, "ಸ್ವಲ್ಪ ಮಬ್ಬು ಶುರುವಾಗಿದೆ, ನಿಮ್ಮ ವಯಸ್ಸಿಗೆ ಎಲ್ಲರಿಗೂ ಇರುವಷ್ಟೇ. ಬಣ್ಣಕ್ಕೇನೂ ತೊಂದರೆ ಇಲ್ಲ. ವರ್ಷಕ್ಕೊಂದ್ಸಲ ಬಂದು ತೋರಿಸಿ" ಎಂದರು. ಆಮೇಲೆ ನನ್ನ ಕನ್ನಡಕ ಕೈಗೆತ್ತಿಕೊಂಡು ಮೂಸಿ ನೋಡಿದರು. "ಇದಕ್ಕೆ ಅಡುಗೆ ಎಣ್ಣೆ ಹಚ್ಚಿದೀರಾ?" ಎಂದರು. "ಅಗಸೆ ಎಣ್ಣೆ, ಡಾಕ್ಟ್ರೇ." ಅವರೇ ಸೋಪು ಹಾಕಿ ತೊಳೆದು ಕೊಟ್ಟರು. ಹಾಕಿಕೊಂಡು ಬೀದಿಗಿಳಿದರೆ, ಅಬ್ಬಾ, ಎದುರಿನ ಗೋಡೆಯ ಒಂದೊಂದು ಬಿರುಕೂ ಎದ್ದು ಬಂದು ನಮಸ್ಕಾರ ಹೇಳಿತು!

ಹೂವಿನಂಗಡಿಯಾಕೆ ಕೊನೆಯ ಎರಡು ಕಟ್ಟು ನನಗೆಂದು ತೆಗೆದಿಟ್ಟಿದ್ದಳು. ಒಂದರಲ್ಲಿ ಎಸಳಿನ ಅಂಚು ಆಗಲೇ ಕಂದಿದೆ. ಇರಲಿ, ಕಂದಿದ ಹಾಗೇ ಬರೆಯುತ್ತೇನೆ. ಐದು ದಿನದಿಂದ ಬೆಳಕು ಬಂದಾಗ ಶುರು, ಬೆಳಕು ಹೋದಾಗ ನಿಲುಗಡೆ. ಅವು ಕತ್ತು ತಿರುಗಿಸಿದರೆ ನಾನೂ ಕುಂಚ ಹಿಡಿದು ಅವುಗಳ ಸುತ್ತ ತಿರುಗುತ್ತೇನೆ, ಸೊಂಟ ಹಾಳಾಗಿ ಹೋಗಲಿ. ನಾಲ್ಕು ಹೂವು ಮುಗಿದವು. ಬೆಳಗ್ಗೆ ಗ್ರಂಥಪಾಲಕಿಯನ್ನು ಕರೆದು ಬಟ್ಟೆ ಎತ್ತಿ ತೋರಿಸಿದೆ. ಏನೂ ಕೇಳದೆ ಕೈಕಟ್ಟಿ ನಿಂತೆ. ಅವರು ಬಗ್ಗಿ ನೋಡಿ, ಹಿಂದೆ ಸರಿದು ನೋಡಿ, "ಇಷ್ಟು ಬಿಳಿ ಮಾಡಿದೀರಲ್ಲ ಸಾರ್, ನಮ್ಮ ಗೋಡೆ ಕೊಳೆ ಕಾಣುತ್ತೆ. ಮತ್ತೆ ಸುಣ್ಣ ಹೊಡಿಸ್ಬೇಕು" ಎಂದು ಗೊಣಗಿದರು. ನನ್ನ ಜನ್ಮದಲ್ಲಿ ಇದಕ್ಕಿಂತ ಸಿಹಿಯಾದ ಗೊಣಗಾಟ ಕೇಳಿಲ್ಲ.

ಮೇ ಹತ್ತಕ್ಕೆ ಪೂರ್ತಿ ಒಣಗಿರುವುದಿಲ್ಲ. "ಮುಟ್ಟಬೇಡಿ, ಹಸಿ ಇದೆ" ಎಂದು ಚೀಟಿ ಅಂಟಿಸಿ ನೇತುಹಾಕುತ್ತಾರಂತೆ. ನೀನು ಬರಲೇಬೇಕು. ಕಾಲರು ಗೀಲರು ಎಂದು ನೆಪ ಹೇಳಿದರೆ ಅಲ್ಲಿಗೇ ಬಂದು ನಿನ್ನ ಅಂಗಡಿಯ ಮುಂದೆ ನಿಂತು ಕೂಗುತ್ತೇನೆ, ನನ್ನ ಗಂಟಲು ನಿನಗೆ ಗೊತ್ತು.

ಇನ್ನೂ ಬರೆಯುವುದಿತ್ತು. ಆದರೆ ಐದನೇ ಹೂವಿನ ಮೂರು ಎಸಳು ಬಾಕಿ ಇದೆ, ಬಿಳಿ ಟ್ಯೂಬು ಹಿಂಡಿ ಹಿಂಡಿ ಚಪ್ಪಟೆಯಾಗಿದೆ, ತೊಟ್ಟೂ ಬರುತ್ತಿಲ್ಲ. ಅಂಗಡಿ ಮುಚ್ಚಲು ಅರ್ಧ ಗಂಟೆಯಿದೆ. ಈ ಸಲ ದೊಡ್ಡ ಟ್ಯೂಬೇ ತರುತ್ತೇನೆ.

ಓಡಿದೆ!

ತಮ್ಮ